ಬೆಳೆ ಬೆಳೆಯುವುದು ಕಲಿಸಿದರು, ಬೆಲೆ ಕಟ್ಟುವುದು ಯಾರು ಕಲಿಸಬೇಕು?



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಹಳ್ಳಿಗಳ ಜಗುಲಿಯ ಮೇಲೆ ನಡೆಯುವ ಮಾತು ನಿಮಗೆ ಗೊತ್ತೇ ಇದೆ. ಹೆಚ್ಚು ನಂಬರು ತೆಗೆದವನು ಸೈನ್ಸಿಗೆ, ಅವನ ಹಿಂದಿನವನು ಐಟಿಐಗೆ, ಫೇಲಾದವನು ಹೊಲಕ್ಕೆ. "ಇವನಿಗೆ ಓದು ಹತ್ತಲಿಲ್ಲ, ಬೇಸಾಯ ಮಾಡಿಕೊಂಡಿರಲಿ ಬಿಡಿ" ಎಂದು ಹೆತ್ತವರೇ ಹೇಳಿಬಿಡುತ್ತಾರೆ. ಹೆಣ್ಣುಮಕ್ಕಳ ಹೆಸರನ್ನಂತೂ ಈ ಪಟ್ಟಿಯಲ್ಲಿ ಯಾರೂ ಎತ್ತುವುದಿಲ್ಲ. ಕಳೆ ಕೀಳುವುದರಿಂದ ಹಿಡಿದು ಡೈರಿಗೆ ಹಾಲು ಹಾಕುವವರೆಗೆ ಮನೆಯ ಬೇಸಾಯದ ಅರ್ಧ ಅವರ ಕೈಯಲ್ಲೇ ಇದ್ದರೂ ಸರಿ.

ಅಲ್ಲ ಸ್ವಾಮಿ, ನಾಲ್ಕೈದು ಎಕರೆ ಜಮೀನು, ಒಂದು ಬೋರ್‌ವೆಲ್, ಎರಡು ಹಸು, ಸೊಸೈಟಿಯ ಸಾಲ, ಮಳೆಯ ಜೂಜು, ಮಂಡಿಯ ದಲ್ಲಾಳಿ, ಇಷ್ಟನ್ನೂ ಒಟ್ಟಿಗೆ ಸಂಭಾಳಿಸುವ ಕೆಲಸ ಫೇಲಾದವನ ಕೆಲಸವೇ? ಸಂತೆಯಲ್ಲಿ ಬಳೆ ಮಾರುವವನಿಗೂ ಕೊಂಡದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಗೊತ್ತು. ನಾವು ಮಾತ್ರ ಲಕ್ಷಗಟ್ಟಲೆ ಸುರಿದು, ವರ್ಷದ ಕೊನೆಗೆ "ಏನೋ ನಡೀತಾ ಇದೆ" ಎನ್ನುತ್ತೇವೆ. ನಡೆಯುತ್ತಿರುವುದು ಏನು? ಸಾಲ.

ಬೇಸಾಯ ಕಲಿಯುವ ಶಾಲೆಯೊಂದು ನಮಗೆ ಬೇಕು. ಆದರೆ ಎಂಥ ಶಾಲೆ ಎಂಬುದನ್ನು ನಾವೇ ಹೇಳಬೇಕು. ಈ ಲೇಖನ ಅದಕ್ಕಾಗಿ.

ಕೃಷಿ ಕಾಲೇಜುಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1946ರಲ್ಲಿ ಅಲ್ಲೇ ಕಾಲೇಜು ಆಯಿತು, 1947ರಲ್ಲಿ ಧಾರವಾಡದಲ್ಲಿ. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ, 1986ರಲ್ಲಿ ಧಾರವಾಡದ್ದು, ಆಮೇಲೆ ರಾಯಚೂರು, ಶಿವಮೊಗ್ಗ. ಕಟ್ಟಡಕ್ಕೆ, ಹೊಲಕ್ಕೆ, ವಿಜ್ಞಾನಿಗಳಿಗೆ ಬರವಿಲ್ಲ. ಒಳ್ಳೆಯ ತಳಿಗಳು ಅಲ್ಲಿಂದ ಬಂದಿವೆ. ಇಂಡಾಫ್ ರಾಗಿ ಬಿತ್ತದ ಹಳೇ ಮೈಸೂರಿನ ರೈತ ಅಪರೂಪ. ಆ ಉಪಕಾರವನ್ನು ಮರೆಯುವವರು ನಾವಲ್ಲ.

ಆದರೆ ಆ ಕಾಲೇಜಿನ ಬಾಗಿಲು ಯಾರಿಗೆ ತೆರೆದಿದೆ ನೋಡಿ. ಪಿಯುಸಿ ಸೈನ್ಸ್ ಓದಬೇಕು, ಸಿಇಟಿ ಬರೆಯಬೇಕು, ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಕಲಿಯಬೇಕು. ರೈತರ ಮಕ್ಕಳಿಗೆಂದು ಮೀಸಲು ಇದೆ. ಶೇ. 40 ಇದ್ದದ್ದನ್ನು 50 ಮಾಡುವುದೆಂದು 2021ರಲ್ಲಿ ಸರ್ಕಾರ ತೀರ್ಮಾನಿಸಿತು. ಸಂತೋಷ. ಆದರೆ ಸೀಟು ಸಿಕ್ಕಿ ಓದಿದ ನಮ್ಮ ಹುಡುಗ ಡಿಗ್ರಿ ಮುಗಿಸಿ ಎಲ್ಲಿಗೆ ಹೋಗುತ್ತಾನೆ? ರೈತ ಸಂಪರ್ಕ ಕೇಂದ್ರಕ್ಕೆ, ಬ್ಯಾಂಕಿಗೆ, ಗೊಬ್ಬರದ ಕಂಪನಿಗೆ, ಬೀಜದ ಕಂಪನಿಗೆ. ಅವನನ್ನು ದೂರುತ್ತಿಲ್ಲ, ಸಂಬಳ ಬರುವ ಕಡೆಗೆ ಯಾರಾದರೂ ಹೋಗುವವರೇ. ಆದರೆ ರೈತನ ಮನೆಯಿಂದ ಹೋದವನು ಅಧಿಕಾರಿಯಾಗಿ ಊರಿಗೆ ಬರುತ್ತಾನೆಯೇ ಹೊರತು ರೈತನಾಗಿ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಉಂಟು. ಅದು ಒಳ್ಳೆಯ ದಾರಿ. ಆದರೆ ಅದು ಎಲ್ಲ ತಾಲ್ಲೂಕಿನ ಹುಡುಗರಿಗೂ ಎಟುಕುವಂತಿಲ್ಲ, ಸೇರಿದವರ ಕಣ್ಣೂ ನೌಕರಿಯ ಮೇಲೆಯೇ. ಕೃಷಿ ವಿಜ್ಞಾನ ಕೇಂದ್ರಗಳು ಒಂದು ದಿನ, ಮೂರು ದಿನದ ತರಬೇತಿ ಕೊಡುತ್ತವೆ. ಅಣಬೆ, ಜೇನು, ಎರೆಗೊಬ್ಬರ. ಊಟ ಚೆನ್ನಾಗಿರುತ್ತದೆ, ಸರ್ಟಿಫಿಕೇಟು ಕೊಡುತ್ತಾರೆ, ಬಸ್ಸು ಹತ್ತಿ ಮನೆಗೆ ಬರುತ್ತೇವೆ.

ಜಮೀನಿನಲ್ಲೇ ಉಳಿಯುವ ಹುಡುಗ, ಹುಡುಗಿಗೆ ಎರಡು ವರ್ಷ ಕ್ರಮವಾಗಿ ಬೇಸಾಯ ಕಲಿಸುವ, ಮನೆಗೆ ಹತ್ತಿರದ, ಕಡಿಮೆ ಖರ್ಚಿನ ಶಾಲೆ ಎಲ್ಲಿದೆ?

ಇಲ್ಲಿ ಸ್ವಲ್ಪ ದೂರದ ಮಾತು ಆಡಬೇಕಾಗಿದೆ. ನಮ್ಮ ಕೃಷಿ ವಿಶ್ವವಿದ್ಯಾನಿಲಯದ ನಕ್ಷೆ ನಮ್ಮದಲ್ಲ, ಅಮೆರಿಕದ್ದು. ಅಲ್ಲಿ 1862ರಲ್ಲಿ ಲಿಂಕನ್ ಅಧ್ಯಕ್ಷನಾಗಿದ್ದಾಗ ಮಾರಿಲ್ ಕಾಯ್ದೆ ಬಂತು. ಸರ್ಕಾರಿ ಜಮೀನನ್ನು ರಾಜ್ಯಗಳಿಗೆ ಕೊಟ್ಟು, ಅದನ್ನು ಮಾರಿದ ದುಡ್ಡಿನಲ್ಲಿ ಕೃಷಿ ಮತ್ತು ಯಂತ್ರ ವಿದ್ಯೆಯ ಕಾಲೇಜು ಕಟ್ಟಿ ಎಂದರು. ಆ ಜಮೀನು ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ನಾವು ಮರೆಯಬಾರದು. ಅದೇ ಮಾದರಿಯಲ್ಲಿ, ಟೆನ್ನೆಸಿ ವಿಶ್ವವಿದ್ಯಾನಿಲಯದ ನೆರವಿನಿಂದ, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪುಗೊಂಡಿತು.

ಆದರೆ ಅಮೆರಿಕದವರ ಮನೆಗೆ ಕೆಳಗೊಂದು ಅಂತಸ್ತು ಇದೆ. ಅದರ ಹೆಸರು ಕಮ್ಯುನಿಟಿ ಕಾಲೇಜು. ಊರವರ ಕಾಲೇಜು ಎನ್ನಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಅಂಥದ್ದು ಮೊದಲು ಶುರುವಾಯಿತು. ಈಗ ಆ ದೇಶದಲ್ಲಿ ಇಂಥವು ಸಾವಿರದಷ್ಟಿವೆ. ಎರಡು ವರ್ಷದ ಓದು. ಹೈಸ್ಕೂಲು ಮುಗಿಸಿದವನಿಗೆ ಸಾಮಾನ್ಯವಾಗಿ ಬಾಗಿಲು ತೆರೆದೇ ಇರುತ್ತದೆ, ನಮ್ಮ ಸಿಇಟಿಯಂಥ ಜರಡಿ ಇಲ್ಲ. ಫೀಸು ವಿಶ್ವವಿದ್ಯಾನಿಲಯಕ್ಕಿಂತ ಬಹಳ ಕಡಿಮೆ. ಹುಡುಗ ಮನೆಯಲ್ಲೇ ಉಂಡು, ಬೆಳಿಗ್ಗೆ ಹಾಲು ಕರೆದು, ಕಾಲೇಜಿಗೆ ಹೋಗಿ ಸಂಜೆ ಹೊಲಕ್ಕೆ ಬರಬಹುದು. ನಲವತ್ತು ವರ್ಷದವನೂ ಸೇರಬಹುದು.

ಬೇಸಾಯದ ಸೀಮೆಯಲ್ಲಿರುವ ಇಂಥ ಕಾಲೇಜುಗಳಲ್ಲಿ "ಸಾಮಾನ್ಯ ಕೃಷಿ" ಎಂಬ ವಿಷಯ ಇರುತ್ತದೆ. ಸಾಮಾನ್ಯ ಎಂದರೆ ಕೀಳು ಎಂದಲ್ಲ, ಒಂದೇ ವಿಷಯಕ್ಕೆ ಕಟ್ಟುಬೀಳದೆ ಇಡೀ ಬೇಸಾಯವನ್ನು ಕಲಿಯುವುದು. ಮಣ್ಣು, ಬೆಳೆ, ದನಕರು, ಯಂತ್ರದ ರಿಪೇರಿ, ಜೊತೆಗೆ ಲೆಕ್ಕಪತ್ರ, ಸಾಲ, ಮಾರಾಟ. ಹಲವು ಕಾಲೇಜುಗಳಿಗೆ ಸ್ವಂತ ಹೊಲವಿದೆ. ಮುಂದೆ ಓದಬೇಕೆನ್ನುವವನು ಈ ಎರಡು ವರ್ಷವನ್ನು ಲೆಕ್ಕಕ್ಕೆ ಹಿಡಿಸಿಕೊಂಡು ವಿಶ್ವವಿದ್ಯಾನಿಲಯಕ್ಕೆ ಹೋಗಬಹುದು. ಬೇಡ ಎನ್ನುವವನು ಅಪ್ಪನ ಜಮೀನಿಗೆ ಮರಳಬಹುದು. ಮರಳಿದವನನ್ನು ಫೇಲಾದವನು ಎನ್ನುವುದಿಲ್ಲ.

ನಮ್ಮವರು ಮೇಲಂತಸ್ತಿನ ನಕ್ಷೆ ತಂದು ಕಟ್ಟಿದರು. ಕೆಳ ಅಂತಸ್ತನ್ನು ಅಲ್ಲೇ ಬಿಟ್ಟು ಬಂದರು. ಏಣಿ ಇಲ್ಲದ ಅಟ್ಟ ನಮ್ಮ ಕೃಷಿ ಶಿಕ್ಷಣ.

ಹಾಗಾದರೆ ಅಮೆರಿಕದ ರೈತ ಇದರಿಂದ ಉದ್ಧಾರವಾದನೇ? ಇಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. 1970ರ ದಶಕದಲ್ಲಿ ಅಲ್ಲಿನ ಸರ್ಕಾರವೇ ರೈತರಿಗೆ ಹೆಚ್ಚು ಬಿತ್ತಿ, ಹೆಚ್ಚು ಬೆಳೆಯಿರಿ ಎಂದು ಹುರಿದುಂಬಿಸಿತು. ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟವು. ಓದಿದ ರೈತರು, ದೊಡ್ಡ ದೊಡ್ಡ ಟ್ರಾಕ್ಟರಿನ ರೈತರು ಬೆಳೆದೇ ಬೆಳೆದರು. ಬೆಲೆ ಕುಸಿಯಿತು. 1979ರಿಂದ ಬಡ್ಡಿ ದರ ಏರಿತು. 1980ರಲ್ಲಿ ಅವರ ಸರ್ಕಾರ ಸೋವಿಯತ್ ದೇಶಕ್ಕೆ ಧಾನ್ಯ ಮಾರುವುದಕ್ಕೆ ತಡೆ ಹಾಕಿತು. ಜಮೀನಿನ ಬೆಲೆ ಬಿತ್ತು, ಸಾಲ ಮಾತ್ರ ನಿಂತಿತು. ತಲೆಮಾರುಗಳಿಂದ ಉಳುತ್ತಿದ್ದ ಜಮೀನುಗಳು ಹರಾಜಾದವು. 1979ರ ಫೆಬ್ರವರಿಯಲ್ಲಿ ಅಲ್ಲಿನ ರೈತರು ಟ್ರಾಕ್ಟರುಗಳ ಸಾಲು ಹೂಡಿಕೊಂಡು ರಾಜಧಾನಿ ವಾಷಿಂಗ್ಟನ್‌ಗೇ ನುಗ್ಗಿದರು. ಅವರು ಕೇಳಿದ್ದು ಸಹಾಯಧನವಲ್ಲ, "ಪ್ಯಾರಿಟಿ". ರೈತ ಮಾರುವ ವಸ್ತುವಿನ ಬೆಲೆ, ರೈತ ಕೊಳ್ಳುವ ವಸ್ತುವಿನ ಬೆಲೆಗೆ ಸಮನಾಗಿ ಏರಬೇಕು ಎಂಬ ಬೇಡಿಕೆ. ನಾವು "ವೈಜ್ಞಾನಿಕ ಬೆಲೆ" ಎಂದು ಕೂಗುತ್ತೇವಲ್ಲ, ಅದರ ಅಣ್ಣ ಎನ್ನಿ.

ಇದರಿಂದ ಕಲಿಯಬೇಕಾದ್ದು ಇಷ್ಟೇ. ಬೆಳೆಯುವ ವಿದ್ಯೆ ಎಷ್ಟೇ ಕಲಿತರೂ ಬೆಲೆಯ ವಿದ್ಯೆ ಕಲಿಯದಿದ್ದರೆ, ಹೆಚ್ಚು ಬೆಳೆದವನು ಹೆಚ್ಚು ಬೇಗ ಮುಳುಗುತ್ತಾನೆ. ನಮ್ಮ ಟೊಮೆಟೊ, ಈರುಳ್ಳಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಅಮೆರಿಕದಿಂದ ಕಲಿಯಬೇಕಾದ ಒಂದು ಕೆಲಸ ಇದೆ. ಅದು ಮಿನ್ನೆಸೋಟ ರಾಜ್ಯದ್ದು. ಅಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜು, ಟೆಕ್ನಿಕಲ್ ಕಾಲೇಜುಗಳಲ್ಲಿ ಬೇಸಾಯದ ಲೆಕ್ಕ ಮತ್ತು ನಿರ್ವಹಣೆ ಕಲಿಸುವ ಮೇಷ್ಟ್ರುಗಳು ದಶಕಗಳಿಂದ ಇದ್ದಾರೆ. ಇವರ ವಿದ್ಯಾರ್ಥಿಗಳು ಹುಡುಗರಷ್ಟೇ ಅಲ್ಲ, ಬೇಸಾಯ ನಡೆಸುತ್ತಿರುವ ಗಂಡ-ಹೆಂಡತಿಯೂ ಹೌದು. ಮೇಷ್ಟ್ರು ರೈತನ ಮನೆಗೇ ಬಂದು, ಮೇಜಿನ ಮುಂದೆ ಕೂತು, ಆ ಮನೆಯ ಲೆಕ್ಕವನ್ನೇ ಪಾಠ ಮಾಡುತ್ತಾರೆ. ಯಾವ ಬೆಳೆಗೆ ಎಷ್ಟು ಬಿತ್ತು, ಯಾವ ಹಸು ತಿಂದಷ್ಟು ಕೊಡಲಿಲ್ಲ, ಯಾವ ಸಾಲ ಮೊದಲು ತೀರಿಸಬೇಕು, ಎಲ್ಲವೂ ವರ್ಷದ ಕೊನೆಗೆ ಕಾಗದದ ಮೇಲೆ ಬರುತ್ತದೆ. ಹೆಸರು ಮುಚ್ಚಿಟ್ಟು, ಎಲ್ಲ ಮನೆಗಳ ಲೆಕ್ಕ ಕೂಡಿಸಿ ಸರಾಸರಿ ತೆಗೆದು ಪ್ರಕಟಿಸುತ್ತಾರೆ. ಒಂದು ಎಕರೆ ಮೆಕ್ಕೆಜೋಳಕ್ಕೆ ಎಷ್ಟು ಬಿತ್ತು ಎಂದು ಅಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು.

ಅದೇ ಮಿನ್ನೆಸೋಟದಲ್ಲಿ 1986ರಲ್ಲಿ ಒಂದು ಕಾಯ್ದೆ ಬಂತು. ರೈತನ ಜಮೀನನ್ನು ಜಪ್ತಿಗೆ ಎಳೆಯುವ ಮುಂಚೆ ಸಾಲ ಕೊಟ್ಟವನು ರೈತನಿಗೆ ಸಂಧಾನದ ಅವಕಾಶ ಕೊಡಬೇಕು, ರೈತ ಕೇಳಿದರೆ ಮಧ್ಯಸ್ಥನ ಎದುರು ಬಂದು ಕೂರಬೇಕು. ಈ ಕಾಯ್ದೆ ಬಂದದ್ದು ರೈತರು ಬೀದಿಗೆ ಇಳಿದಿದ್ದರಿಂದ. ಆದರೆ ಸಂಧಾನದ ಮೇಜಿನ ಮುಂದೆ ಕೂತ ರೈತನ ಕೈಯಲ್ಲಿ ಏನಿರಬೇಕು ಹೇಳಿ? ಕಣ್ಣೀರಷ್ಟೇ ಸಾಕೇ? ಲೆಕ್ಕದ ಪುಸ್ತಕ ಇರಬೇಕು.

ಈಗ ನಮ್ಮ ಊರಿಗೆ ಬನ್ನಿ. ನಮ್ಮ ರಾಗಿಗೆ, ಭತ್ತಕ್ಕೆ, ತೊಗರಿಗೆ ಖರ್ಚು ಎಷ್ಟು ಬೀಳುತ್ತದೆ ಎಂದು ಬರೆಯುವವರು ಯಾರು? ನಾವಲ್ಲ. 1965ರಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು, 1985ರಲ್ಲಿ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂದಾಯಿತು. ಆಯ್ದ ಕೆಲವು ಹಳ್ಳಿಗಳ ಆಯ್ದ ಕೆಲವು ಮನೆಗಳ ಲೆಕ್ಕವನ್ನು 1970-71ರಿಂದ ಬರೆದುಕೊಳ್ಳುತ್ತಿದ್ದಾರೆ. ಅದನ್ನು ಇಟ್ಟುಕೊಂಡು ದಿಲ್ಲಿಯಲ್ಲಿ ಬೆಲೆಯ ಶಿಫಾರಸು ಆಗುತ್ತದೆ. ಆ ಲೆಕ್ಕದಲ್ಲಿ ಮೂರು ಮೆಟ್ಟಿಲು. ಇವನ್ನು ನಿಮ್ಮ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿ.

ಮೊದಲ ಮೆಟ್ಟಿಲು, ಎ2. ಕೈಯಿಂದ ಬಿಟ್ಟ ಖರ್ಚು. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಟ್ರಾಕ್ಟರು ಬಾಡಿಗೆ, ಇಂಥವು.

ಎರಡನೆಯದು, ಎ2 ಜೊತೆಗೆ ಎಫ್‌ಎಲ್. ಅಂದರೆ ನೀವು, ನಿಮ್ಮ ಮನೆಯಾಕೆ, ಮಕ್ಕಳು ದುಡಿದ ದುಡಿಮೆಗೆ ಕಟ್ಟಿದ ಕೂಲಿ.

ಮೂರನೆಯದು, ಸಿ2. ಇದಕ್ಕೆ ನಿಮ್ಮ ಸ್ವಂತ ಜಮೀನಿನ ಗೇಣಿ, ನಿಮ್ಮ ಸ್ವಂತ ಬಂಡವಾಳದ ಬಡ್ಡಿ ಕೂಡುತ್ತದೆ.

ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2004ರಿಂದ 2006ರವರೆಗೆ ಕೂತು ವರದಿ ಕೊಟ್ಟಿತು. ಬೆಂಬಲ ಬೆಲೆ ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚಿರಬೇಕು ಎಂದಿತು. ಆ ಖರ್ಚು ಎಂದರೆ ಸಿ2 ಎಂಬುದು ರೈತ ಚಳವಳಿಯ ಪಟ್ಟು. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಕೊಡುತ್ತೇವೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಆದರೆ ಯಾವ ಖರ್ಚಿನ ಒಂದೂವರೆ ಪಟ್ಟು? ಎರಡನೆಯ ಮೆಟ್ಟಿಲಿನದು. 2025-26ರ ಮುಂಗಾರಿಗೆ ರಾಗಿ ಕ್ವಿಂಟಲಿಗೆ 4886 ರೂಪಾಯಿ ಬೆಂಬಲ ಬೆಲೆ ಇಟ್ಟರು. ಅದಕ್ಕೆ ಹಿಡಿದ ಖರ್ಚು 3257. ಗುಣಿಸಿ ನೋಡಿ, ಸರಿಯಾಗಿ ಒಂದೂವರೆ ಪಟ್ಟು. ಅದರೊಳಗೆ ನಿಮ್ಮ ಸ್ವಂತ ಜಮೀನಿನ ಗೇಣಿ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಎಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿ, ನಿಮ್ಮ ಹೊಲದ ಅಂಕಿಯನ್ನು ನೀವು ಹಾಕಿಕೊಳ್ಳಿ. ಒಂದು ಎಕರೆ ರಾಗಿ, ಇಳುವರಿ 10 ಕ್ವಿಂಟಲ್. ಹುಲ್ಲಿನ ಬೆಲೆ ಕಳೆದ ಮೇಲೆ ಕೈಖರ್ಚು 14,000. ಮನೆಯವರ ದುಡಿಮೆ 30 ಆಳು, ಆಳಿಗೆ 400ರಂತೆ 12,000. ಜಮೀನಿನ ಗೇಣಿ 8,000. ಸ್ವಂತ ಬಂಡವಾಳದ ಬಡ್ಡಿ 1,000. ಈಗ ಕ್ವಿಂಟಲಿಗೆ ಖರ್ಚು ಮೊದಲ ಮೆಟ್ಟಿಲಲ್ಲಿ 1,400, ಎರಡನೆಯದರಲ್ಲಿ 2,600, ಮೂರನೆಯದರಲ್ಲಿ 3,500. ಎರಡನೆಯದರ ಒಂದೂವರೆ ಪಟ್ಟು 3,900. ಮೂರನೆಯದರ ಒಂದೂವರೆ ಪಟ್ಟು 5,250. ಕ್ವಿಂಟಲಿಗೆ 1,350 ವ್ಯತ್ಯಾಸ, ಎಕರೆಗೆ 13,500. ಐದು ಎಕರೆಯವನಿಗೆ 67,500.

ಈ ದುಡ್ಡು ಎಲ್ಲಿಗೆ ಹೋಯಿತು? ಇದೇ ದುಡ್ಡು ನಮ್ಮ ಹೆಸರಿನಲ್ಲಿ ಸೊಸೈಟಿಯ ಪುಸ್ತಕದಲ್ಲಿ ಸಾಲವಾಗಿ ಕೂತಿದೆ. ನಾವು ಸಾಲಗಾರರಲ್ಲ, ನಮಗೇ ಬರಬೇಕಾದ್ದು ಬಾಕಿ ಇದೆ ಎಂದು ಚಳವಳಿಯ ಹಿರಿಯರು ಹೇಳುತ್ತಿದ್ದದ್ದು ಬರೀ ಘೋಷಣೆಯಲ್ಲ, ಕೂಡು-ಕಳೆ ಲೆಕ್ಕ. ಆದರೆ ಆ ಲೆಕ್ಕವನ್ನು ತಹಶೀಲ್ದಾರರ ಮುಂದೆ, ಬ್ಯಾಂಕ್ ಮ್ಯಾನೇಜರ ಮುಂದೆ ತಡವರಿಸದೆ ಬಿಡಿಸಿ ಹೇಳಬಲ್ಲವರು ನಮ್ಮ ಊರಿನಲ್ಲಿ ಎಷ್ಟು ಮಂದಿ? ಎಕರೆಗೆ ಎಷ್ಟು ಯೂರಿಯಾ ಎಂದು ಎಲ್ಲರಿಗೂ ಬಾಯಿಪಾಠ. ಎಕರೆಗೆ ಎಷ್ಟು ಖರ್ಚು ಎಂದರೆ ತಲೆ ಕೆರೆದುಕೊಳ್ಳುತ್ತೇವೆ.

ಕೆಲವರು ಕೇಳಬಹುದು: "ಲೆಕ್ಕ ಬರೆದುಬಿಟ್ಟರೆ ಬೆಲೆ ಬಂದುಬಿಡುತ್ತದೆಯೇ?" ಬರುವುದಿಲ್ಲ. ಬೆಲೆ ಬರುವುದು ಹೋರಾಟದಿಂದ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ, ಎದೆಗೊಟ್ಟದ್ದು ಗುಂಡಿಗೆ. ಸಾಲ ವಸೂಲಿಗೆ ಬರುವ ಅಧಿಕಾರಿ ಕೇಳದೆ ಊರೊಳಗೆ ಕಾಲಿಡಬಾರದು ಎಂದು ನಮ್ಮ ಹಿರಿಯರು ಊರಬಾಗಿಲಿಗೆ ಬೋರ್ಡು ಹಾಕಿದ್ದೂ ಆ ದಶಕದಲ್ಲೇ. ಅಂಥ ಎದೆಗಾರಿಕೆಗೆ ಪುಸ್ತಕ ಬದಲಿಯಲ್ಲ. ಆದರೆ ಹಸಿರು ಶಾಲು ಹೆಗಲ ಮೇಲಿದ್ದು ಕೈಯಲ್ಲಿ ಲೆಕ್ಕವೂ ಇದ್ದರೆ, ಎದುರಿಗೆ ಕೂತವನು ಸಮಾಧಾನ ಹೇಳಿ ಕಳಿಸಲಾರ.

ಇನ್ನು ಕೆಲವರು ಹೇಳುತ್ತಾರೆ: "ಬರೆದರೆ ನಷ್ಟ ಕಣ್ಣಿಗೆ ಕಾಣುತ್ತದೆ, ನಿದ್ದೆ ಬರುವುದಿಲ್ಲ." ಬರೆಯದಿದ್ದರೆ ನಷ್ಟ ಮನೆ ಬಿಟ್ಟು ಹೋಗುತ್ತದೆಯೇ? ಜ್ವರ ಅಳೆಯದಿದ್ದರೆ ಜ್ವರ ಇಳಿಯಿತೆಂದು ಅರ್ಥವೇ? ಕಾಣದ ನಷ್ಟವೇ ಹೆಚ್ಚು ಕೊಲ್ಲುವುದು. ಯಾವ ಬೆಳೆ ಬಿಡಬೇಕು, ಯಾವ ಸಾಲ ಮಾಡಬಾರದು ಎಂದು ಹೇಳುವುದು ಕಾಗದವೇ ಹೊರತು ಜಾತಕವಲ್ಲ.

ಹಾಗಾದರೆ ನಾವು ಕೇಳಬೇಕಾದ್ದು ಏನು?

ಒಂದು, ಪ್ರತಿ ತಾಲ್ಲೂಕಿನಲ್ಲೂ ಎರಡು ವರ್ಷದ ಸಾಮಾನ್ಯ ಕೃಷಿ ತರಗತಿ. ಹೊಸ ಕಟ್ಟಡ ಬೇಡ, ಕಂಟ್ರಾಕ್ಟರಿಗೆ ಕೆಲಸ ಬೇಡ. ಇರುವ ಸರ್ಕಾರಿ ಕಾಲೇಜು, ಐಟಿಐ ಕೊಠಡಿಗಳಲ್ಲೇ ನಡೆಯಲಿ. ಬೋಧನೆ ಕನ್ನಡದಲ್ಲಿ. ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ, ಹೆಣ್ಣುಮಕ್ಕಳ ಹೆಸರಿಗೆ ಪಹಣಿ ಬೇಕೆಂಬ ಷರತ್ತೂ ಇಲ್ಲ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ರಜೆ, ಬೇಸಗೆಯಲ್ಲಿ ಪಾಠ.

ಎರಡು, ಪಾಠದ ಅರ್ಧ ಭಾಗ ಮಣ್ಣು, ಬೆಳೆ, ದನಕರು, ಯಂತ್ರ. ಇನ್ನರ್ಧ ಲೆಕ್ಕ, ಬೆಲೆ, ಸಾಲ, ಕಾನೂನು. ಪಹಣಿ ಓದುವುದು, ಸಾಲದ ಕರಾರಿನ ಸಣ್ಣಕ್ಷರ ಓದುವುದು, ಬೆಳೆ ವಿಮೆಯ ಷರತ್ತು, ಮಂಡಿಯ ತೂಕದ ಚೀಟಿ, ಬೆಲೆ ಆಯೋಗದ ವರದಿ, ಇವೆಲ್ಲ ಪಠ್ಯವಾಗಲಿ.

ಮೂರು, ಪ್ರತಿ ವಿದ್ಯಾರ್ಥಿಯ ಮನೆಯ ಜಮೀನೇ ಅವನ ಪ್ರಯೋಗಶಾಲೆ. ಮೇಷ್ಟ್ರು ತಿಂಗಳಿಗೊಮ್ಮೆ ಮನೆಗೆ ಬರಲಿ. ಎರಡು ಬೆಳೆಯ ಪೂರ್ತಿ ಲೆಕ್ಕ ಬರೆದವನೇ ಪಾಸು.

ನಾಲ್ಕು, ಆ ಲೆಕ್ಕಗಳನ್ನು ಹೆಸರು ತೆಗೆದು ಕೂಡಿಸಿ, ಪ್ರತಿ ವರ್ಷ ತಾಲ್ಲೂಕುವಾರು ಪ್ರಕಟಿಸಲಿ. ದಿಲ್ಲಿ ತನ್ನ ಅಂಕಿ ಹೇಳಿದಾಗ ನಾವು ನಮ್ಮ ಅಂಕಿ ಮುಂದಿಡುತ್ತೇವೆ. ಆಗ ವಾದ ಮಾಡುವುದು ಅವರ ಪಾಲಿನ ಕೆಲಸವಾಗುತ್ತದೆ.

ಇದು ದಾನ ಕೇಳುವುದಲ್ಲ. ರೈತನ ಹೆಸರಿನಲ್ಲಿ ಕಟ್ಟಿದ ವಿಶ್ವವಿದ್ಯಾನಿಲಯಗಳು ರೈತನಿಗೆ ಕೊಡಬೇಕಾದ ಬಾಕಿ.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಈ ಮುಂಗಾರಿಗೆ ಗ್ರಾಮ ಘಟಕದಲ್ಲಿ ಹತ್ತು ಮನೆ ಆರಿಸಿಕೊಳ್ಳಿ. ಮನೆಗೊಂದು ಇನ್ನೂರು ಪುಟದ ನೋಟ್‌ಬುಕ್ಕು. ಬರೆಯುವ ಕೆಲಸ ಹೈಸ್ಕೂಲಿಗೆ ಹೋಗುವ ಮಗಳಿಗೋ ಮಗನಿಗೋ ಕೊಡಿ. ಬೀಜದಿಂದ ಹಿಡಿದು ಮಂಡಿಯ ಹಮಾಲಿವರೆಗೆ ಪ್ರತಿ ಖರ್ಚು, ಮನೆಯವರು ದುಡಿದ ಪ್ರತಿ ದಿನ, ಅದೇ ರಾತ್ರಿ ಬರೆಯಲಿ. ನಾಳೆ ಬರೆಯೋಣ ಎಂದ ಲೆಕ್ಕ ಸುಳ್ಳಾಗುತ್ತದೆ. ಒಕ್ಕಣೆ ಮುಗಿದ ಮೇಲೆ ಹತ್ತೂ ಪುಸ್ತಕಗಳನ್ನು ಊರಿನ ಗುಡಿಯ ಮುಂದೆ ಹರಡಿ, ಎಲ್ಲರೂ ಕೂತು ಕೂಡಿಸಿ. ಬಂದ ಮೊತ್ತವನ್ನು ಈ ಪತ್ರಿಕೆಗೆ ಕಳಿಸಿ.

ಆಗ ನಮ್ಮ ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿಯಲ್ಲಿ ಮೈಕು ಹಿಡಿದು "ವೈಜ್ಞಾನಿಕ ಬೆಲೆ ಕೊಡಿ" ಎನ್ನುವಾಗ, "ಎಷ್ಟು ಕೊಡಬೇಕು?" ಎಂದು ಅಧಿಕಾರಿ ಕೇಳಿದರೆ, ಉತ್ತರ ಹೇಳುವುದಕ್ಕೆ ಯಾರೂ ಪಕ್ಕದವನ ಮುಖ ನೋಡಬೇಕಾಗುವುದಿಲ್ಲ.